ರಂಗೋಲಿಯ ಪಕ್ಕ ಇಪ್ಪತ್ತೆಂಟು ಇಂಚು

ಸಿಂಚನಾ, ಮನು, ನನಗೆ ಹೊಲಿಗೆ ಕಲಿಸಿದ ಮೇಷ್ಟ್ರ ಅಂಗೈ ಹಳೆಯ ಚಪ್ಪಲಿಯ ಅಟ್ಟೆಯ ಹಾಗಿತ್ತು. ದಪ್ಪ, ಕಪ್ಪು, ಅಂಚಿನಲ್ಲೆಲ್ಲ ಬಿರುಕು. ಮಗುವಾಗಿದ್ದಾಗ ಪೋಲಿಯೋ ಬಂದು ಅವರ ಎರಡು ಕಾಲೂ ಸೋತುಹೋಗಿದ್ದವು. ಕಾಲನ್ನು ಮಡಿಸಿ ಅಡಿಗೆ ಹಾಕಿಕೊಂಡು, ಎರಡು ಕೈಯನ್ನೂ ನೆಲಕ್ಕೆ ಊರಿ, ಮೈಯನ್ನು ಎತ್ತಿ ಎತ್ತಿ ಮುಂದಕ್ಕೆ ಇಡುತ್ತಾ ಅವರು ಊರೆಲ್ಲ ಓಡಾಡುತ್ತಿದ್ದರು. ಲಾರಿಯ ಟೈರು ಕತ್ತರಿಸಿ ಮಾಡಿದ ಎರಡು ತುಂಡುಗಳನ್ನು ಅಂಗೈಗೆ ಕಟ್ಟಿಕೊಳ್ಳುತ್ತಿದ್ದರು. ಕ್ಲಾಸಿಗೆ ಬಂದ ಮೇಲೆ ಅವನ್ನು ಬಾಗಿಲ ಹೊರಗೆ ನಮ್ಮ ಚಪ್ಪಲಿಗಳ ಸಾಲಿನಲ್ಲೇ ಜೋಡಿಸಿಟ್ಟು, ಕೈ ತೊಳೆದು, ಆಮೇಲೆ ಬಟ್ಟೆ ಮುಟ್ಟುತ್ತಿದ್ದರು. ಅಂಗೈಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲವಾದ್ದರಿಂದ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡುವರು. "ಇದು ಒಗೆದ್ರೆ ಕುಗ್ತದೆ ಕಣಮ್ಮ, ಒಂದಿಂಚು ಜಾಸ್ತಿ ಇಡು" ಅನ್ನುವರು. ಆ ಮಾತು ಒಮ್ಮೆಯೂ ತಪ್ಪಾಗಿದ್ದು ನಾನು ಕಾಣೆ.

ಮೊನ್ನೆ ರಜೆಗೆ ನರಸೀಪುರದಿಂದ ಬಂದಾಗ ನೀವು ಬಾಗಿಲಲ್ಲಿ ನಿಂತು, "ಅಜ್ಜಿ, ನಿನ್ನ ರಂಗೋಲಿ ಯಾಕೆ ಒಂದು ಪಕ್ಕ ಕುಯ್ದಂಗಿದೆ?" ಎಂದು ಕೇಳಿದಿರಿ. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ನಾನು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮನಿಗೆ ಆರು ವರ್ಷವಾಗಿದ್ದಾಗ ನಿಮ್ಮ ತಾತ ತೀರಿಕೊಂಡರು. ನಾನು ಓದಿದ್ದು ನರಸೀಪುರದ ಪಕ್ಕದ ಹಳ್ಳಿಯಲ್ಲಿ ಏಳನೇ ಕ್ಲಾಸಿನವರೆಗೆ. ಮದುವೆಯಾಗಿ ನಂಜನಗೂಡಿಗೆ ಬಂದ ಮೇಲೂ ಅಂಗಡಿಗೆ ಒಬ್ಬಳೇ ಹೋದವಳಲ್ಲ. ನಮ್ಮ ಮಾವನವರೇ ಒಂದು ದಿನ ನನ್ನನ್ನು ಕರೆದುಕೊಂಡು ಹೋಗಿ ಮೇಷ್ಟ್ರ ಕ್ಲಾಸಿನಲ್ಲಿ ಕೂರಿಸಿ ಬಂದರು. ಮೇಷ್ಟ್ರು ಗಿಡ್ಡ ಮಣೆಯ ಮೇಲೆ ಕೈಮಿಷನ್ ಇಟ್ಟುಕೊಂಡು, ಬಲಗೈಯಲ್ಲಿ ಚಕ್ರ ತಿರುಗಿಸುತ್ತಾ ಹೊಲಿಯುತ್ತಿದ್ದರು. ನಾನು ಬಾಗಿಲ ಮರೆಯ ಮೂಲೆ ಹಿಡಿದೆ. ಅರ್ಥವಾಗದ್ದನ್ನು ಕೇಳುತ್ತಿರಲಿಲ್ಲ. ಒಂದು ಸಲ ಬ್ಲೌಸಿನ ಬಲಗಡೆಯ ತೋಳನ್ನು ಎಡಗಡೆಗೆ ಹೊಲಿದುಬಿಟ್ಟೆ. ಗೊತ್ತಾದ ಕೂಡಲೇ ಅದನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂತೆ.

"ಏನವ್ವ ಅದು, ಕಾವಿಗೆ ಕೂತ್ಕೊಂಡಂಗೆ ಕೂತಿದ್ದೀಯ? ಎಷ್ಟು ಮೊಟ್ಟೆ ಇಟ್ಟಿದ್ದೀಯ ತೋರ್ಸು" ಅಂದರು ಮೇಷ್ಟ್ರು. ಎಲ್ಲರೂ ನಕ್ಕರು. ಅವರು ಮಾತ್ರ ನಗದೆ ಬ್ಲೌಸನ್ನು ತೆಗೆದುಕೊಂಡು, ಕತ್ತರಿಯ ತುದಿಯಿಂದ ಒಂದೇ ಒಂದು ಹೊಲಿಗೆ ಬಿಚ್ಚಿ ವಾಪಸ್ಸು ಕೊಟ್ಟರು. "ಮಿಕ್ಕಿದ್ದು ನೀನು ಬಿಚ್ಚು. ಬಿಚ್ಚಕ್ಕೆ ನಾಚ್ಕೋಬಾರ್ದು ಕಣಮ್ಮ. ನಾಚ್ಕೊಂಡು ಅಂಗೇ ಬಿಟ್ಟರೆ, ಹಾಕ್ಕೊಳ್ಳೋರ್ಗೆ ಕಂಕುಳು ಹಿಡೀತದೆ."

ನಾನು ಹೊಲಿದ ಮೊದಲ ಗಂಡಸರ ಶರ್ಟು ಅವರದ್ದೇ. ಅವರೇ ಅಳತೆ ಹೇಳಿ ಬರೆಸಿದರು. ಭುಜದಿಂದ ಭುಜಕ್ಕೆ ಹತ್ತೊಂಬತ್ತು ಇಂಚು. ಈ ಅಂಕಿ ನೆನಪಿಟ್ಟುಕೊಳ್ಳಿ.

ಅವರ ಮನೆ ನಮ್ಮ ಬೀದಿಯ ಈ ತುದಿಯಲ್ಲಿ, ಕ್ಲಾಸು ಆ ತುದಿಯಲ್ಲಿ. ಮನೆಗಳ ಮುಂದೆ ಚರಂಡಿ, ಅದರ ಮೇಲೆ ಉದ್ದಕ್ಕೂ ಚಪ್ಪಡಿ ಕಲ್ಲು. ನಡೆದು ಹೋಗುವವರ ದಾರಿ ಅದೇ. ಆದರೆ ಒಬ್ಬೊಬ್ಬರೂ ತಮ್ಮ ಬಾಗಿಲಿನ ಮೆಟ್ಟಿಲನ್ನು ಆ ಚಪ್ಪಡಿಯ ಮೇಲೇ ಚಾಚಿದ್ದರು. ಕಾಲಿದ್ದವರು ಹತ್ತಿ ಇಳಿದು ಹೋಗುವರು. ಮೇಷ್ಟ್ರು ರೋಡಿಗೆ ಇಳಿದು ಬಸ್ಸು, ಟ್ರ್ಯಾಕ್ಟರುಗಳ ನಡುವೆ ಬರಬೇಕು. "ಬಸ್ಸಿನ ಹೊಗೆ ನಿಮ್ಗೆಲ್ಲ ಮೊಣಕಾಲಿಗೆ ಬಡಿಯೋದು, ನಂಗೆ ನೇರವಾಗಿ ಮೂತಿಗೆ" ಎಂದು ತಾವೇ ತಮಾಷೆ ಮಾಡುತ್ತಿದ್ದರು.

ಒಂದು ಭಾನುವಾರ ಅವರು ಕೊರಳಿಗೆ ಟೇಪು ಹಾಕಿಕೊಂಡು, ಬ್ಲೌಸಿನ ಅಳತೆ ಬರೆಯುವ ಪುಸ್ತಕ ಹಿಡಿದು, ಬೀದಿಯ ಒಂದೊಂದು ಮೆಟ್ಟಿಲನ್ನೂ ಅಳೆಯುತ್ತಾ ಬಂದರು. ಹೆಂಗಸರ ಹೆಸರಿರುವ ಪುಸ್ತಕದಲ್ಲಿ "ಹಾಲಿನ ಡೇರಿ: ಎತ್ತರ ಹನ್ನೊಂದು, ಉದ್ದ ಮೂವತ್ತು" ಎಂದು ಬರೆದುಕೊಂಡರು. ಅರ್ಜಿ ಕೊಡಿ ಎಂದು ಯಾರೋ ಹೇಳಿದ್ದಕ್ಕೆ, "ಅರ್ಜಿ ಕೊಟ್ರೆ ವರ್ಷ ಹಿಡೀತದೆ, ಮನೆ ಬಾಗಿಲಿಗೆ ಹೋದ್ರೆ ಒಂದು ಲೋಟ ಕಾಫಿ ಹಿಡೀತದೆ" ಅಂದರಂತೆ.

ನಮ್ಮ ಬಾಗಿಲಿಗೂ ಬಂದರು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ.

"ಯಜಮಾನ್ರೇ, ನಿಮ್ಮ ಮೆಟ್ಲು ಒಂಬತ್ತಿಂಚು ಆಚೆಗೆ ಬಂದದೆ. ಒಸ್ತಿಲಿಂದ ಒಳಕ್ಕೆ ಕಟ್ಟಿಸ್ಕೊಂಡ್ರೆ ಸರಿಯಾಯ್ತದೆ."

"ನಮ್ಮಪ್ಪ ಹಾಕ್ಸಿದ ಕಲ್ಲು ಕಣ್ರೀ ಮೇಷ್ಟ್ರೇ ಅದು. ನಿಮ್ಮೊಬ್ರಿಗೋಸ್ಕರ ಒಡ್ಸಕ್ಕಾಯ್ತದಾ?" ಅಂದರು ಮಾವ.

"ಒಬ್ಬನಿಗೋಸ್ಕರ ಅಂತ ಯಾರಂದ್ರು? ಎದ್ದು ನಿಂತ್ಕಳಿ ನೋಡಾನ, ಗೋಡೆ ಹಿಡೀದೆ."

ಮಾವ ಎದ್ದರು. ಗೋಡೆ ಹಿಡಿದೇ ಎದ್ದರು. ಅವರಿಗೆ ಮಂಡಿನೋವು ಇದ್ದದ್ದು ಬೀದಿಗೆಲ್ಲ ಗೊತ್ತಿತ್ತು. ಆಮೇಲೆ ಮಾವ ನಕ್ಕು, "ಬಾಳ ಕಿಲಾಡಿ ಕಣಯ್ಯ ನೀನು. ಲೇ, ಯಾರದು ಒಳಗೆ, ಮೇಷ್ಟ್ರಿಗೆ ಕಾಫಿ ತಕ್ಕೊಂಡ್ ಬನ್ನಿ" ಎಂದು ಕೂಗಿದರು. ಬೀದಿಯಲ್ಲಿ ಮೊದಲು ಒಡೆದದ್ದು ನಮ್ಮ ಮೆಟ್ಟಿಲು. ಮಾವನವರ ಮಾತಿಗೆ ತೂಕವಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಚಪ್ಪಡಿ ಈ ತುದಿಯಿಂದ ಆ ತುದಿಗೆ ಸಮವಾಯಿತು. ಅವತ್ತು ಮೇಷ್ಟ್ರು ಒಂದು ಸಲವೂ ರೋಡಿಗೆ ಇಳಿಯದೆ ಕ್ಲಾಸಿಗೆ ಬಂದು, ಬಾಗಿಲಲ್ಲಿ ಕೂತು, ನಮಗೆಲ್ಲ ಒಂದೊಂದು ಬೆಲ್ಲದ ಚೂರು ಕೊಟ್ಟರು.

ಇಲ್ಲಿಂದ ಮುಂದಿನದನ್ನು ಬರೆಯುವುದಕ್ಕೆ ನನಗೆ ಎರಡು ದಿನ ಬೇಕಾಯಿತು.

ನಿಮ್ಮ ಮುತ್ತಜ್ಜಿ, ಅಂದರೆ ನಮ್ಮ ಅತ್ತೆ, ತೀರಿಕೊಂಡ ಮೇಲೆ ಮನೆಯಲ್ಲಿ ಬಾಗಿಲಿಗೆ ನೀರು ಹಾಕುವ ಹೆಣ್ಣು ನಾನೊಬ್ಬಳೇ. ಬೆಳಕು ಹರಿಯುವ ಮೊದಲೇ ಎದ್ದು ರಂಗೋಲಿ ಹಾಕಿ ಒಳಗೆ ಬಂದುಬಿಡುತ್ತಿದ್ದೆ. ಎದುರು ಮನೆಯಾಕೆ ಒಮ್ಮೆ, "ಮುತ್ತೈದೇರು ಹಾಕಬೇಕಾದ್ದು, ಕಾಲ ಕೆಟ್ಟೋಯ್ತು" ಎಂದು ನನಗೆ ಕೇಳಿಸುವ ಹಾಗೆಯೇ ಅಂದಿದ್ದಳು. ಅದಾದ ಮೇಲೆ ಚಿಕ್ಕದಾಗಿ, ಹೊಸ್ತಿಲಿಗೆ ಅಂಟಿಕೊಂಡ ಹಾಗೆ ಹಾಕುತ್ತಿದ್ದೆ. ಒಂದು ದಿನ ಮೇಷ್ಟ್ರು ಕ್ಲಾಸಿನಲ್ಲಿ ಎಲ್ಲರೆದುರಿಗೆ ಕೇಳಿದರು: "ಯಜಮಾನ್ರ ಮನೆ ಮುಂದಿನ ರಂಗೋಲಿ ಎಳೆ ಯಾರದು? ನಿಂದಾ? ಅಷ್ಟು ಚೆಂದದ ಕೈ ಇಟ್ಕೊಂಡು ಯಾಕವ್ವ ಅಂಗೈಯಗಲ ಹಾಕ್ತೀಯ?"

ಜೀವನದಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಮಾರನೆಯ ದಿನದಿಂದ ದೊಡ್ಡದಾಗಿ ಹಾಕತೊಡಗಿದೆ. ಮೆಟ್ಟಿಲು ಹೋಗಿ ಸಮನಾಗಿದ್ದ ಚಪ್ಪಡಿಯ ತುಂಬ, ಗೋಡೆಯಿಂದ ರೋಡಿನ ಅಂಚಿನವರೆಗೂ.

ಮಿಕ್ಕ ಮನೆಗಳ ಮುಂದೆ ಪುಟ್ಟ ರಂಗೋಲಿಗಳಿದ್ದವು. ಮೇಷ್ಟ್ರು ಅವುಗಳ ಪಕ್ಕದಲ್ಲೇ ಹೋಗುವರು. ನಮ್ಮ ಮನೆಯ ಮುಂದೆ ಬಂದಾಗ ಮಾತ್ರ ನಿಲ್ಲುವರು. ನೋಡುವರು. ಆಮೇಲೆ ಚಪ್ಪಡಿಯಿಂದ ರೋಡಿಗೆ ಇಳಿದು, ರಂಗೋಲಿ ಮುಗಿಯುವವರೆಗೆ ರೋಡಿನಲ್ಲೇ ಹೋಗಿ, ಮತ್ತೆ ಮೈ ಎತ್ತಿ ಮೇಲಕ್ಕೆ ಹತ್ತುವರು. ಕಾಲಿದ್ದವರು ದಾಟಿ ಹೋಗಬಹುದು, ಅವರು ಹೋದರೆ ಎಲ್ಲ ಅಳಿಸಿಹೋಗುತ್ತಿತ್ತು.

ನಾನು ಕಿಟಕಿಯ ಹಿಂದೆ ನಿಂತು ದಿನಾ ಇದನ್ನು ನೋಡುತ್ತಿದ್ದೆ. ನಿಮಗೆ ಸುಳ್ಳು ಹೇಳಬಾರದು: ಮೊದಮೊದಲು ನನಗೆ ಸಂತೋಷವೇ ಆಗುತ್ತಿತ್ತು. ಆಮೇಲೆ ಕಸಿವಿಸಿಯಾಯಿತು. "ಮೇಲೇ ಬನ್ನಿ ಮೇಷ್ಟ್ರೇ, ಅಳಿಸಿದ್ರೆ ಅಳಿಸ್ಲಿ" ಅನ್ನಬೇಕು ಎಂದುಕೊಳ್ಳುತ್ತಿದ್ದೆ. ಬೀದಿಯಲ್ಲಿ ಕೂಗಿ ಹೇಳುವುದು ಹೇಗೆ? ಕ್ಲಾಸಿನಲ್ಲಿ ಹೇಳೋಣವೆಂದರೆ ಬೇರೆಯವರು ಇರುತ್ತಾರೆ. ಚಿಕ್ಕದಾಗಿ ಹಾಕಿದ್ದರೂ ಆಗುತ್ತಿತ್ತು. ಆದರೆ ಅವರೇ ಮೆಚ್ಚಿದ್ದನ್ನು ಚಿಕ್ಕದು ಮಾಡಿದರೆ ಏನಂದುಕೊಳ್ಳುತ್ತಾರೋ ಎಂದು ಅಳುಕು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಎಷ್ಟೋ ತಿಂಗಳು ಕಳೆದೆ.

ಧನುರ್ಮಾಸದ ಒಂದು ಬೆಳಿಗ್ಗೆ. ಹೊಳೆಯ ಕಡೆಯಿಂದ ಬಂದ ಮಂಜು ಬೀದಿಯನ್ನೆಲ್ಲ ತುಂಬಿಕೊಂಡಿತ್ತು. ಆವತ್ತು ಇನ್ನೂ ದೊಡ್ಡದಾಗಿ ಹಾಕಿ, ನಡುವೆ ಕುಂಬಳದ ಹೂವಿಟ್ಟಿದ್ದೆ. ಮೇಷ್ಟ್ರು ಎಂದಿನಂತೆ ನಿಂತರು, ನೋಡಿದರು, ಇಳಿದರು. ಕಬ್ಬು ತುಂಬಿದ ಟ್ರ್ಯಾಕ್ಟರು ಬಂತು. ನೆಲಮಟ್ಟದಲ್ಲಿ ಬರುವ ಮನುಷ್ಯ ಡ್ರೈವರಿಗೆ ಆ ಮಂಜಿನಲ್ಲಿ ಕಾಣಲಿಲ್ಲ. ಅವನದೂ ತಪ್ಪಲ್ಲ. ನಾನು ಬಾಗಿಲು ತೆರೆದು ಓಡಿದೆ. ಆಗ ನನ್ನ ಬಾಯಿಂದ ಕೂಗು ಬಂತು, ಇಡೀ ಬೀದಿಗೆ ಕೇಳುವಷ್ಟು. ಜನ ಓಡಿ ಬಂದು ಅವರನ್ನು ಎತ್ತಿ ಚಪ್ಪಡಿಯ ಮೇಲೆ, ನನ್ನ ರಂಗೋಲಿಯ ಮೇಲೇ ಮಲಗಿಸಿದರು.

ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಬೇರೆಯವರಿಗೆ ಕೈ ಹೋದರೆ ಕೈ ಮಾತ್ರ ಹೋದ ಹಾಗೆ. ಅವರಿಗೆ ಅದೇ ಕಾಲು, ಅದೇ ಕಸುಬು. ಆಮೇಲೆ ಅವರು ಮನೆಯಿಂದ ಹೊರಗೆ ಬರಲೇ ಇಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದವರು ಅವರ ಅಕ್ಕ.

ನಾನು ಹೋಗಿ ಅವರೆದುರು ಕೂತೆ. ಹೇಗೋ ಹೇಳಿದೆ, "ನನ್ನಿಂದ ಆಯ್ತು ಮೇಷ್ಟ್ರೇ. ಹೇಳ್ಬೇಕು ಅಂತ ದಿನಾ ಅಂದ್ಕೋತಿದ್ದೆ."

"ತುಳಿಯಕ್ಕೆ ಮನಸ್ಸು ಬತ್ತಿರ್ನಿಲ್ಲ ಕಣಮ್ಮ. ನೀನೊಬ್ಳು ಆಚೆ ಬರೋದೇ ಆ ರಂಗೋಲೀಲಿ" ಅಂದರು ಅವರು. ಆಮೇಲೆ, "ತಪ್ಪು ಹೊಲಿಗೆ ಬಿತ್ತು ಅಂತ ಅಳ್ತಾ ಕೂತ್ರೆ ಬಟ್ಟೆ ಸರಿಯಾಯ್ತದಾ? ಬಿಚ್ಚು" ಅಂದರು.

ಮರುದಿನ ಬೆಳಿಗ್ಗೆ ನಾನು ಟೇಪು ಹಿಡಿದುಕೊಂಡು ಚಪ್ಪಡಿಗೆ ಹೋದೆ. ಭುಜಕ್ಕೆ ಹತ್ತೊಂಬತ್ತು, ಕೈ ಊರಲು ಆ ಕಡೆ ನಾಲ್ಕೂವರೆ, ಈ ಕಡೆ ನಾಲ್ಕೂವರೆ. ಗೋಡೆಯಿಂದ ಇಪ್ಪತ್ತೆಂಟು ಇಂಚು ಬಿಟ್ಟು ರಂಗೋಲಿ ಹಾಕಿದೆ. ಅವರು ಆ ಜಾಗದಲ್ಲಿ ಹೋಗುವುದಿಲ್ಲವೆಂದು ಗೊತ್ತಿದ್ದೂ ಹಾಕಿದೆ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಅಕ್ಕ ಟೇಪನ್ನೂ ಅಳತೆ ಪುಸ್ತಕವನ್ನೂ ನನಗೆ ತಂದುಕೊಟ್ಟರು. ಕ್ಲಾಸೂ ಅವರ ಕೈಮಿಷನ್ನೂ ನನ್ನ ಪಾಲಿಗೆ ಬಂದವು. ನಿಮ್ಮಮ್ಮನ ಓದು, ಮದುವೆ ಎಲ್ಲ ಆದದ್ದು ಆ ಕೈಮಿಷನ್ನಿನಿಂದಲೇ.

ಆಮೇಲೂ ಬೀದಿಯಲ್ಲಿ ಯಾರಾದರೂ ಚಪ್ಪಡಿಗೆ ಮೆಟ್ಟಿಲು ಚಾಚುವುದು, ಮೂಟೆ ಒಟ್ಟುವುದು ನಡೆದೇ ಇದೆ. ನಾನು ಪುಸ್ತಕ ತೆಗೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಈಗಲೂ ಮಾತು ತಡವರಿಸುತ್ತದೆ. ಆದರೆ ನಾಳೆಗೆ ಬಿಡುವುದಿಲ್ಲ. ಎದುರು ಮನೆಯಾಕೆಗೆ ಈಗ ಕಣ್ಣು ಮಂಜಾಗಿದೆ. ಬೆಳಿಗ್ಗೆ ರೋಡು ದಾಟಿ ಈ ಕಡೆಗೆ ಬಂದು, ಗೋಡೆ ಸವರಿಕೊಂಡು ನಮ್ಮ ಮನೆಯ ಮುಂದೆ ಆ ಇಪ್ಪತ್ತೆಂಟು ಇಂಚಿನ ಜಾಗದಲ್ಲೇ ಹಾಲಿಗೆ ಹೋಗುತ್ತಾಳೆ.

ಮಕ್ಕಳೇ, ಅಳತೆ ಪುಸ್ತಕ ಟ್ರಂಕಿನಲ್ಲಿದೆ. ಈ ಹಾಳೆಗಳನ್ನು ಅದರೊಳಗೇ, ನಮ್ಮ ಮನೆಯ ಮೆಟ್ಟಿಲಿನ ಅಳತೆಯಿರುವ ಪುಟದಲ್ಲಿ ಇಡಿ. ನೆನೆಯದ ಹಾಗೆ, ಹುಳ ಹಿಡಿಯದ ಹಾಗೆ ನೋಡಿಕೊಳ್ಳಿ.