ಹಳೆಯದಕ್ಕೆ ಸಪೋರ್ಟ್ ಇಲ್ಲ

ಇವತ್ತು ಬೆಳಿಗ್ಗೆ ಗ್ಯಾಸ್ ಬುಕ್ ಮಾಡಲು ಹೋದರೆ ಆಪು ಮುಖಕ್ಕೆ ಹೊಡೆದ ಹಾಗೆ ಹೇಳಿತು: ನಿಮ್ಮ ಫೋನು ಹಳೆಯದು, ಇನ್ನು ನಮ್ಮ ಬೆಂಬಲವಿಲ್ಲ. ಆಹಾ, ಏನು ವಿನಯ! ನಾಲ್ಕು ವರ್ಷದ ಫೋನು ಸ್ವಾಮಿ. ನಮ್ಮ ಮನೆಯ ರುಬ್ಬುವ ಕಲ್ಲು ನನ್ನ ಅಜ್ಜಿಯ ಕಾಲದ್ದು, ಅದು ಇದುವರೆಗೆ ಯಾರಿಗೂ ಹೀಗೆ ಅಂದದ್ದಿಲ್ಲ. ಬೈಯೋಣವೆಂದು ಸಹಾಯವಾಣಿಯ ನಂಬರು ಹುಡುಕುತ್ತಿದ್ದೆ, ಅಷ್ಟರಲ್ಲಿ ರಾಜಮ್ಮ ಟೀಚರ್ ನೆನಪಾದರು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ವಿದ್ಯಾರಣ್ಯಪುರಂನಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಜೊತೆಗೆ ಮೈಸೂರಿನ ಕನ್ನಡವೆಲ್ಲ ನನ್ನ ಬೆರಳಿಂದಲೇ ಹುಟ್ಟುತ್ತದೆಂಬ ಭ್ರಮೆ. ಲಗ್ನಪತ್ರಿಕೆಯಲ್ಲಿ ಚಿಕ್ಕಪ್ಪನ ಹೆಸರು ಬಿಟ್ಟು ಎರಡು ಮನೆಗಳ ಮಾತು ನಿಲ್ಲಿಸಿದ ಕೀರ್ತಿಯೂ ನನ್ನದೇ, ಇರಲಿ.

ರಾಜಮ್ಮ ನಿವೃತ್ತ ಪ್ರೈಮರಿ ಟೀಚರು. ಅವರ ತಾಯಿ ಇಲವಾಲದ ಕಡೆ ಮದುವೆಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದವರು. ಆಕೆ ತೀರಿಕೊಳ್ಳುವ ಮುಂಚೆ ಹಾಡಿಸಿ ಹಾಡಿಸಿ ನಲವತ್ತು ಹಾಡುಗಳನ್ನು ರಾಜಮ್ಮ ಎರಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಪುಸ್ತಕ ಮಾಡಬೇಕೆಂದು ನನಗೆ ತಂದುಕೊಟ್ಟರು. ಎಲ್ಲವನ್ನೂ ಟೈಪ್ ಮಾಡಿ, ತಿದ್ದಲು ಪ್ರೂಫಿನ ಪ್ರಿಂಟನ್ನು ದಸರಾ ಹಬ್ಬ ಕಳೆದ ಮೇಲೆ ಒಟ್ಟಿಗೇ ತೆಗೆಯೋಣ ಎಂದೆ. ಆಯುಧಪೂಜೆಗೆ ಮುಂಚೆ ಅಂಗಡಿ ಗುಡಿಸಿ ತೊಳೆದು ರದ್ದಿಯನ್ನೆಲ್ಲ ಸಾಗಹಾಕುವುದು ನಮ್ಮ ಪದ್ಧತಿ. ರದ್ದಿಯವನು ಬಾಗಿಲಲ್ಲಿ ನಿಂತಿದ್ದಾಗಲೇ ರಾಜಮ್ಮ ಬಂದರು.

"ನೋಟ್‌ಬುಕ್ ಕೊಡಪ್ಪ, ತಗೊಂಡೋಗ್ತೀನಿ."

"ಅಯ್ಯೋ, ಆ ಹರಕಲು ಇನ್ಯಾಕೆ ಟೀಚರ್? ಎಲ್ಲಾ ಕಂಪ್ಯೂಟರಲ್ಲಿ ಭದ್ರವಾಗಿದೆ. ಹಾಕ್ಬುಡಿ ಅತ್ಲಾಗೆ!"

ಅವರು ನನ್ನ ಮುಖವನ್ನೊಮ್ಮೆ ನೋಡಿ, ಆಗಲಿ ಎಂದರು. ತಿಳಿದವನ ಮಾತಲ್ಲವೆ? ಎರಡು ನೋಟ್‌ಬುಕ್ಕನ್ನೂ ನಾನೇ ಎತ್ತಿ ರದ್ದಿಯವನ ತಕ್ಕಡಿಗೆ ಹಾಕಿದೆ.

ಹೊಸದಕ್ಕೆ ಶುಭದಿನ ಬೇಕಲ್ಲ, ಪೂಜೆಯ ದಿನವೇ ಹಳೆಯ ಆಪರೇಟಿಂಗ್ ಸಿಸ್ಟಮ್ ತೆಗೆಸಿ ಹೊಸದು ಹಾಕಿಸಿದೆ. ಮಾನಿಟರಿಗೆ ಅರಿಶಿನ ಕುಂಕುಮ, ಸಿಪಿಯುಗೆ ಬೂದುಗುಂಬಳ. ನನ್ನ ಕನ್ನಡ ತಂತ್ರಾಂಶ ಮಾತ್ರ ಅದರಲ್ಲಿ ಏಳಲೇ ಇಲ್ಲ. ಹಾಡುಗಳನ್ನು ತೆರೆದರೆ ಪರದೆ ತುಂಬ ಖಾಲಿ ಚೌಕಗಳು. ಹಳೆಯ ಸಿಸ್ಟಮ್ಮನ್ನೇ ವಾಪಸ್ ಹಾಕಿಸಿದೆ. ಆದರೆ ತಂತ್ರಾಂಶ ಮತ್ತೆ ಶುರುವಾಗಲು ಅದರ ಕಂಪನಿಯವರು ಒಂದು ಗುಟ್ಟಿನ ನಂಬರು ಕೊಡಬೇಕಂತೆ. ಫೋನು ಮಾಡಿದೆ.

"ಆ ಸಿಸ್ಟಮ್‌ಗೆ ಸಪೋರ್ಟ್ ನಿಲ್ಲಿಸ್ಬಿಟ್ಟಿದೀವಿ ಸಾರ್, ನಂಬರ್ ಬರಲ್ಲ. ಹೊಸ ವರ್ಷನ್ ತಗೊಳ್ಳಿ."

"ಅದ್ರಲ್ಲಿ ನನ್ನ ಹಳೇ ಫೈಲ್ ಓದ್ಬೋದೇನ್ರೀ?"

"ಇಲ್ಲ ಸಾರ್. ಆದ್ರೆ ಅಕ್ಷರ ತುಂಬಾ ಚೆನ್ನಾಗಿ ಕಾಣ್ತವೆ."

ಎಂಥ ಸಾಂತ್ವನ ನೋಡಿ! ರದ್ದಿಯವನನ್ನು ಹುಡುಕಿಕೊಂಡು ಉದಯಗಿರಿಯವರೆಗೂ ಹೋದೆ. ಅಷ್ಟರಲ್ಲಿ ಸೋಬಾನೆಯೆಲ್ಲ ಕಡಲೆಪುರಿ ಪೊಟ್ಟಣವಾಗಿ ಊರು ಸೇರಿಯಾಗಿತ್ತು.

ವಿಷಯ ಹೇಳಿದಾಗ ರಾಜಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವ್ವ ಇಲ್ಲ ಕಣಪ್ಪ, ಇನ್ಯಾರ್ನ ಕೇಳ್ಲಿ?" ಎಂದವರು ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ನೆನಪಿದ್ದಷ್ಟನ್ನು ಹಾಡತೊಡಗಿದರು. ಒಂದು ವಾರ ದಿನಾ ಬಂದರು, ನಾನು ಆ ಹೊಸ ವರ್ಷನ್ನನ್ನೇ ಕೊಂಡು ಟೈಪ್ ಮಾಡಿಕೊಂಡೆ. ಹನ್ನೊಂದು ಹಾಡು ದಕ್ಕಿದವು. ಹನ್ನೆರಡನೆಯದು ಮೊದಲ ಸಾಲಿಗೇ ನಿಂತುಹೋಯಿತು.

ತೆಳ್ಳಗಿನ ಪುಸ್ತಕವಾಯಿತು. ಕೊನೆಯಲ್ಲಿ ಅವರು ಕೃತಜ್ಞತೆಯ ಮಾತು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ: 'ನನ್ನ ಅವ್ವನ ಹಾಡುಗಳನ್ನು ಉಳಿಸಿಕೊಟ್ಟವರು' ಎಂದು, ಮುಂದೆ ನನ್ನ ಹೆಸರು! ಬೇಡ ಟೀಚರ್ ಎಂದೆ. "ಸುಮ್ನೆ ಹೊಡಿಯಪ್ಪ" ಎಂದರು. ಹೊಡೆದೆ.

ಇವತ್ತು ಆ ಪುಟ ತೆಗೆದು ಓದಿದೆ. ಇಷ್ಟು ವರ್ಷವಾದರೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ. ಸಹಾಯವಾಣಿಗೆ ಫೋನು ಮಾಡಲಿಲ್ಲ. ಯಾವ ಬಾಯಲ್ಲಿ ಬೈಯಲಿ?