ಕೊಂಬೆಯ ಮೇಲಿನ ಕಿತ್ತಳೆ ಅಂಗಿ

“ಅಮ್ಮಾ, ಬೆರಿಟ್ ಅಜ್ಜಿ ಸೌದೆ ತರೋಕೆ ಹೋಗೋವಾಗ ನಮ್ಮ ಬಸ್ಸಿನ ಮಕ್ಕಳ ಹೆಸರೆಲ್ಲ ಯಾಕೆ ಕೂಗ್ತಾರೆ? ನಾವ್ಯಾರೂ ಅಲ್ಲಿರಲ್ವಲ್ಲ?”

ಆರು ವರ್ಷದ ವಿನ್ನಿ ಇದನ್ನು ಕೇಳಿದ್ದು ಬೆರಿಟ್ ಎದುರಿಗೇ. ತಾಯಿ ಕೋರಾಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಪಕ್ಕದ ಮನೆಯ ಬೆರಿಟ್ ಮಾತ್ರ ಕಾಫಿ ಲೋಟ ಕೆಳಗಿಟ್ಟು ನಕ್ಕಳು. ಶಾಲೆಯ ಬಸ್ಸು ಓಡಿಸುವ ಅವಳಿಗೆ ಈಗ ಅರವತ್ತೊಂದು. ಅಮೆರಿಕದ ಮೊಂಟಾನಾದ ಆ ಕಣಿವೆಯಲ್ಲಿ ಮೂವತ್ತು ವರ್ಷ ಒಬ್ಬಳೇ ಬೇಟೆಗೆ ಹೋಗಿ, ಒಬ್ಬಳೇ ಹೊತ್ತು ತಂದವಳು.

“ಕರಡಿಗೆ ಹೇಳ್ತೀನಿ ಪುಟ್ಟಾ, ನಾನು ಬಂದೆ ಅಂತ.”

“ಸೌದೆ ಕೊಟ್ಟಿಗೇಲಿ ಕರಡಿ ಇದ್ಯಾ?”

“ಅಲ್ಲಿಲ್ಲ. ನನ್ನ ತಲೇಲಿದೆ.”

ವಿನ್ನಿ ಬೆಕ್ಕಿನ ಹಿಂದೆ ಓಡಿದ ಮೇಲೆ ಬೆರಿಟ್ ಉಳಿದದ್ದನ್ನು ಕೋರಾಗೆ ಹೇಳಿದಳು.

ಹೋದ ನವೆಂಬರಿನ ಮಾತು. ಬೆಳಿಗ್ಗೆ ಹತ್ತಕ್ಕೆ ಗುಡ್ಡದ ಆಚೆಯ ತಗ್ಗಿನಲ್ಲಿ ಅವಳ ಗುಂಡಿಗೆ ಗಂಡು ಜಿಂಕೆ ಬಿತ್ತು. ಗಾಡಿ ನಿಲ್ಲಿಸಿದ್ದ ರಸ್ತೆ ಮೂರು ಮೈಲಿ ದೂರ. ಒಂದೇ ಹೊರೆಗೆ ಮುಗಿಯುವ ಕೆಲಸವಲ್ಲ. ಸುಲಿದು, ಕೊಯ್ದು, ಬಟ್ಟೆ ಚೀಲಗಳಿಗೆ ತುಂಬಿ, ಮುಂಗಾಲು ಮತ್ತು ಬೆನ್ನಿನ ಮಾಂಸವನ್ನು ಮೊದಲು ಹೊತ್ತಳು. ಹಿಂದಿನ ತೊಡೆ ಎರಡನ್ನೂ ಪೈನ್ ಕೊಂಬೆಗೆ ತೂಗುಹಾಕಿ, ಮೇಲೆ ತನ್ನ ಕಿತ್ತಳೆ ಬಣ್ಣದ ಬೇಟೆಯಂಗಿ ಕಟ್ಟಿದ್ದಳು. ಅಪ್ಪ ಕಲಿಸಿದ ಕ್ರಮ ಅದು. ವಾಪಸು ಬರುವಾಗ ಗುಡ್ಡದ ನೆತ್ತಿಯಿಂದಲೇ ದುರ್ಬೀನು ಹಿಡಿದು ನೋಡಬೇಕು. ಅಂಗಿ ಇದ್ದರೆ ಇಳಿಯಬೇಕು, ಇಲ್ಲದಿದ್ದರೆ ಕರಡಿ ಬಂದು ಎಳೆದಿದೆ ಎಂದರ್ಥ, ಇಳಿಯಬಾರದು. ಬಿಸಾಡಿದ ಕರುಳಿನ ವಾಸನೆಗೆ ಕರಡಿ ಬರುತ್ತದೆ, ಆ ರಾಶಿಯಿಂದ ನೂರು ಹೆಜ್ಜೆ ದೂರ ಕಟ್ಟು ಅಂತಲೂ ಹೇಳಿದ್ದ. ಅವಳು ಕಟ್ಟಿದ್ದು ಇಪ್ಪತ್ತು ಹೆಜ್ಜೆಗೆ. ಸೊಂಟ ನೋಯುತ್ತಿತ್ತು. ಹೊಳೆಯ ಈ ಕಡೆಗೆ ಕರಡಿ ಎಲ್ಲಿ ಬರುತ್ತದೆ ಎಂಬ ಧೈರ್ಯ ಬೇರೆ.

ಮಧ್ಯಾಹ್ನ ಮೂರಕ್ಕೆ ನೆತ್ತಿಗೆ ಬಂದು ನೋಡಿದರೆ ಅಂಗಿ ಇಲ್ಲ.

ಗಾಳಿಗೆ ಬಿದ್ದಿರಬೇಕು ಅಂದುಕೊಂಡಳು. ಗಾಳಿಯೂ ಇತ್ತು. ಚಳಿಗಾಲದ ಅರ್ಧ ಊಟ ಅಲ್ಲಿ ನೇತಾಡುತ್ತಿದೆ. ಹೊಡೆದ ಪ್ರಾಣಿಯ ಮಾಂಸ ಬಿಟ್ಟು ಬರುವುದು ಕಾನೂನಿಗೂ ತಪ್ಪು, ಮರ್ಯಾದೆಗೂ ತಪ್ಪು. ಕರಡಿಯ ಮುಖಕ್ಕೆ ಎರಚುವ ಖಾರದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಇಳಿದಳು.

ಅರ್ಧ ದಾರಿಯಲ್ಲಿ ಕಾಗೆಗಳು ಕಂಡವು. ಬೆಳಿಗ್ಗೆ ಕರುಳಿನ ಮೇಲೆ ಕಿತ್ತಾಡುತ್ತಿದ್ದವು. ಈಗ ಒಂದೂ ನೆಲದ ಮೇಲಿಲ್ಲ. ಎಲ್ಲವೂ ಕೊಂಬೆಗಳಲ್ಲಿ ಕೂತು ಕೆಳಗೆ ನೋಡುತ್ತಿದ್ದವು, ಸದ್ದಿಲ್ಲದೆ.

ಕರುಳು ಬಿಟ್ಟಿದ್ದ ಜಾಗದಲ್ಲಿ ಮಣ್ಣು, ಹುಲ್ಲು, ಕಡ್ಡಿ ಕೆದರಿ ಮುಚ್ಚಿದ ಗುಡ್ಡೆ. ಅದರ ಹಿಂದೆ ಇನ್ನೊಂದು ಕಂದು ಗುಡ್ಡೆ. ಅದು ಉಸಿರಾಡುತ್ತಿತ್ತು.

“ಹಲ್ಲು ಕಟಕಟ ಅಂತು ಕಣೇ. ಅದರದೋ ನಂದೋ ಇವತ್ತಿಗೂ ಗೊತ್ತಿಲ್ಲ. ಬೆನ್ನು ತೋರಿಸೋ ಹಾಗಿಲ್ಲ, ಓಡೋ ಹಾಗಿಲ್ಲ. ನಾನು ಮನುಷ್ಯಳು ಅಂತ ಗೊತ್ತಾಗ್ಲಿ ಅಂತ ಮಾತಾಡ್ತಿರ್ಬೇಕು. ಬಾಯಿಗೆ ಏನೂ ಬರ್ಲಿಲ್ಲ. ಬಸ್ಸಿನ ಮಕ್ಕಳ ಹಾಜರಿ ಕೂಗ್ತಾ ಹಿಂದ್ಹಿಂದಕ್ಕೆ ಹತ್ತಿದೆ. ನಿನ್ನ ವಿನ್ನಿ ಹೆಸರು ಬಂದಾಗ ಅದು ಎದ್ದು ನಿಂತ್ಕೊಳ್ತು.”

ಕೋರಾ ತಟ್ಟನೆ ಕಿಟಕಿಯತ್ತ ನೋಡಿದಳು. ಮಗು ಅಂಗಳದಲ್ಲೇ ಇತ್ತು.

“ಆಮೇಲೆ?”

“ಆಮೇಲೇನು, ನೋಡ್ತು, ಮತ್ತೆ ಮಲಗ್ತು. ಮಾರನೇ ದಿನ ಬೇಟೆ ಇಲಾಖೆಯವರಿಗೆ ಮಾಂಸ ಬಿಟ್ಟು ಬಂದೆ ಅಂತ ನಾನೇ ಹೋಗಿ ಹೇಳಿದೆ. ತಪ್ಪು ಹಿಡೀಲಿಲ್ಲ. ಆದ್ರೆ ಈ ವರ್ಷ ಪರವಾನಗಿ ಜೇಬಲ್ಲಿಟ್ಕೊಂಡು ಮೂರು ಶನಿವಾರ ಹೋದೆ. ಮೂರು ಸಲಾನೂ ಗಾಡಿಯಿಂದ ಇಳೀದೆ ವಾಪಸ್ ಬಂದೆ. ಇದೊಂದು ಸಲ ಆಗ್ಲಿಲ್ಲ ಅಂದ್ರೆ ಇನ್ನು ಯಾವತ್ತೂ ಆಗಲ್ಲ.”

“ಯಾರಾದ್ರೂ ಗಂಡಸರನ್ನ ಕರ್ಕೊಂಡು ಹೋಗಬಾರ್ದಾ?”

“ಅಯ್ಯೋ, ದಾರಿಯುದ್ದ ನನಗೇ ಪಾಠ ಹೇಳ್ತಾರೆ, ಹೊರೆ ಮಾತ್ರ ನಾನೇ ಹೊರ್ಬೇಕು.” ನಕ್ಕು, ಲೋಟ ಪಕ್ಕಕ್ಕೆ ಸರಿಸಿದಳು. “ಶನಿವಾರ ಮಗೂನ ನಿಮ್ಮಮ್ಮನ ಹತ್ರ ಬಿಟ್ಟು ಬಾ, ಕೋರಾ. ಕೋವಿ ಮುಟ್ಬೇಡ, ಮಾಂಸ ಹೊರ್ಬೇಡ. ಉಳಿದ ಮಾಂಸಕ್ಕೆ ನಾನು ವಾಪಸ್ ಇಳಿಯೋವಾಗ ನೆತ್ತಿ ಮೇಲೆ ಕೂತು ಆ ಅಂಗಿ ಮೇಲೆ ಕಣ್ಣಿಟ್ಟಿರು, ಸಾಕು. ಅದು ಅಲ್ಲಾಡಿದ್ರೆ ಗಾಳಿನೋ ಏನೋ ಅಂತ ಯೋಚಿಸ್ಬೇಡ. ನನ್ನ ಹೆಸರು ಕೂಗು. ಕೂಗ್ತೀಯಾ?”