ಟೇಪಕ್ಕನ ಬಗ್ಗದ ಬೆನ್ನು

ಅಳತೆಯ ಟೇಪನ್ನು ಕೊರಳಿಂದ ಕೆಳಗಿಳಿಸದ ಕಾರಣಕ್ಕೆ ಆಕೆಗೆ ಟೇಪಕ್ಕ ಎಂದೇ ಹೆಸರು. ಹೊಲಿಗೆ ಕಾರ್ಖಾನೆಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಹೆದರದೆ ಉಳಿದವನು ದೇವರೊಬ್ಬನೇ. ಅವನೊಂದಿಗೂ ದಿನಾ ಬೆಳಿಗ್ಗೆ ಹಾಸಿಗೆಯಲ್ಲಿ ಕೂತು ಒಂದು ಸುತ್ತು ಜಗಳವಾಡಿಯೇ ಏಳುತ್ತಿದ್ದಳು. ಆದರೆ ತಲೆ ಬಾಗಿದರೆ ಅವನಿಗೆ ಮಾತ್ರ, ಮನುಷ್ಯ ಮಾಡಿದ ಗೊಂಬೆಗಲ್ಲ. ಆ ವಿಷಯದಲ್ಲಿ ಮಾತು ಗಟ್ಟಿ.

ಅದಕ್ಕೆ ಸಂಚಕಾರ ತಂದವನು ಚಿಕ್ಕ ಯಜಮಾನ. ಅಪ್ಪ ಕಾಲುನೋವಿನಿಂದ ಮನೆಯಲ್ಲೇ ಉಳಿದದ್ದೇ ತಡ, ಅಪ್ಪನದೇ ಆಳೆತ್ತರದ ಗಾರೆ ಪ್ರತಿಮೆ ಮಾಡಿಸಿ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲಿಸಿದ. "ನಮ್ಮ ಪಾಲಿನ ದೇವರು ಇವರೇ. ಬಗ್ಗಿ ನಮಸ್ಕರಿಸಿ ಒಳಗೆ ಬನ್ನಿ" ಎಂದ. ಐವತ್ತು ಜನ ಬಗ್ಗಿದರು. ಟೇಪಕ್ಕ ನೆಟ್ಟಗೆ ನಡೆದುಹೋದಳು.

"ಟೇಪಕ್ಕ, ಕಟಿಂಗ್ ಟೇಬಲ್ಲಿಗೆ ನಿಮ್ಮನ್ನೇ ಮುಖ್ಯಸ್ಥೆ ಮಾಡೋಣ ಅಂತಿದ್ದೆ. ಸೋಮವಾರ ಎಲ್ಲರೆದುರು ಬಗ್ಗಿ. ಆಗಲ್ಲ ಅಂದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ಳಿ" ಎಂದ ಚಿಕ್ಕ ಯಜಮಾನ ಅವಳನ್ನು ಕರೆಸಿ.

ಆ ಜಾಗಕ್ಕೆ ಆಕೆ ಹನ್ನೊಂದು ವರ್ಷದಿಂದ ಕಣ್ಣಿಟ್ಟಿದ್ದಳು.

"ಅಯ್ಯೋ ನಿನ್ನ! ಅಲ್ಲೊಂದು ಪಿನ್ನು ಬೀಳಿಸು, ಎತ್ಕೊಳ್ಳೋ ಹಾಗೆ ಬಗ್ಗು" ಎಂದಳು ಕಾಜಾ ಹೊಲಿಯುವ ಗೆಳತಿ. "ಅವನ ಲೆಕ್ಕಕ್ಕೆ ನಮಸ್ಕಾರ, ನಿನ್ನ ಲೆಕ್ಕಕ್ಕೆ ಪಿನ್ನು!"

ಉಪಾಯ ಟೇಪಕ್ಕನಿಗೆ ಬಹಳ ರುಚಿಸಿತು. ಅದೇ ಅವಳಿಗೆ ಭಯ ಹುಟ್ಟಿಸಿತು.

ಶನಿವಾರ ಇನ್ನೊಂದು ಅಪ್ಪಣೆಯಾಯಿತು: ಅಪ್ಪನ ಹುಟ್ಟುಹಬ್ಬಕ್ಕೆ ಕೋಟು. "ಪ್ರತಿಮೆಯ ಅಳತೆ ತಗೊಳ್ಳಿ, ಎರಡೂ ಒಂದೇ." ಟೇಪಕ್ಕ ಪ್ರತಿಮೆಯ ಎದೆಗೆ ಟೇಪು ಸುತ್ತಿದವಳೇ ಅಭ್ಯಾಸಬಲದಿಂದ, "ಸ್ವಲ್ಪ ಉಸಿರು ಬಿಡಿ ಸಾರ್" ಎಂದುಬಿಟ್ಟಳು. ಕಾರ್ಖಾನೆಯೆಲ್ಲ ಗೊಳ್ಳೆಂದಿತು.

ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ಭಾನುವಾರ ದೊಡ್ಡ ಯಜಮಾನರಿಗೆ ತೊಡಿಸಿದರೆ, ಒಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗ! ಮುದುಕರು ಅಷ್ಟು ಬಡವಾಗಿದ್ದರು. ಅವಳಿಗೆ ಯಾರೂ ಕೆಲಸ ಕೊಡದಿದ್ದಾಗ ಕರೆದು ಮೆಷಿನ್ನಿನ ಮುಂದೆ ಕೂರಿಸಿದ ಪುಣ್ಯಾತ್ಮ ಇವರೇ. ಸಂಗತಿ ಕೇಳಿ ಅವರೆಂದರು, "ನನಗೋಸ್ಕರ ಒಂದ್ಸಲ ಬಗ್ಗಿಬಿಡಮ್ಮ. ಕೆಲಸ ಉಳಿಯುತ್ತೆ."

ಟೇಪಕ್ಕನಿಗೆ ಅಳು ಬಂತು. ಮಗನ ಗದರಿಕೆಗಿಂತ ಈ ಮಾತು ಕಷ್ಟವಾಗಿತ್ತು. "ನಿಮಗೋಸ್ಕರ ಸೂಜಿ ಮೇಲೆ ಬೇಕಾದ್ರೂ ನಿಲ್ತೀನಿ ಯಜಮಾನ್ರೇ. ಇದೊಂದು ಮಾತ್ರ ಕೇಳ್ಬೇಡಿ."

ಸೋಮವಾರ ಎಲ್ಲರ ಕಣ್ಣೂ ಅವಳ ಬೆನ್ನಿನ ಮೇಲೆ. ಪ್ರತಿಮೆಯ ಮುಂದೆ ಟೇಪಕ್ಕ ಪಿನ್ನೊಂದನ್ನು ಟಣ್ ಎಂದು ಬೀಳಿಸಿದಳು. ಗೆಳತಿಯ ಮುಖ ಅರಳಿತು. ಟೇಪಕ್ಕ ಗೋಡೆಗೆ ಒರಗಿದ್ದ ಕೋಲನ್ನು ಕೈಗೆ ತೆಗೆದುಕೊಂಡಳು. ಸಂಜೆ ನೆಲದ ಸೂಜಿ ಪಿನ್ನು ಹೆಕ್ಕಲು ತುದಿಗೆ ಅಯಸ್ಕಾಂತ ಕಟ್ಟಿಟ್ಟ ಕೋಲು ಅದು. ನಿಂತಲ್ಲಿಂದಲೇ, ಕೂದಲೆಳೆಯಷ್ಟೂ ಬಗ್ಗದೆ ಪಿನ್ನನ್ನು ಎತ್ತಿಕೊಂಡಳು.

ನಗು ತಡೆಯಲಾರದೆ ಐವತ್ತು ಜನ ಬಾಯಿಗೆ ಬಟ್ಟೆ ತುರುಕಿಕೊಂಡರು. ಚಿಕ್ಕ ಯಜಮಾನ ಕೆಂಡಾಮಂಡಲವಾಗಿ, "ಆಚೆ ನಡೀರಿ!" ಎಂದ.

ನಡೆದಳು. ಕೋಟಿನ ತೋಳು ಬಾಕಿಯಿತ್ತಲ್ಲ, ನೇರ ದೊಡ್ಡ ಯಜಮಾನರ ಮನೆಗೇ ಹೋಗಿ ಅವರಿಗೆ ಕೋಟು ತೊಡಿಸಿದಳು.

"ಬಗ್ಗಿದ್ಯಾ?"

"ಇಲ್ಲ."

"ಕೆಲಸ?"

"ಹೋಯ್ತು."

ಮುದುಕರು ಸಡಿಲ ಕೋಟನ್ನು ಎದೆಗೆ ಎಳೆದುಕೊಂಡರು. "ಉಳಿದೋರು ದಿನಾ ನನಗೆ ನಮಸ್ಕಾರ ಮಾಡ್ತಾರೇನು?"

"ತಪ್ಪದೆ ಮಾಡ್ತಾರೆ."

"ತಿಂಗಳಾಯ್ತು, ಒಬ್ಬರೂ ಈ ಬಾಗಿಲಿಗೆ ಬಂದಿಲ್ಲ. ಬಂದವಳು ನೀನೊಬ್ಬಳೇ" ಎಂದವರು ಕೋಟಿನೊಳಗಿಂದ ಸಣಕಲು ತೋಳು ಚಾಚಿದರು. "ಸರಿಯಾಗಿ ಅಳೆಯಮ್ಮ. ನಾನಿನ್ನೂ ಉಸಿರಾಡ್ತಿದೀನಿ."